ಹಳೆ 3ಡಿಎಸ್‌ಗೆ ಪುಶ್‌ಮೋ ಆಟ ಈಗ ಸಿಗುತ್ತಾ?

ಸುರತ್ಕಲ್‌ನಲ್ಲಿ ಸೆಕೆಂಡ್ ಹ್ಯಾಂಡ್ ನಿಂಟೆಂಡೊ 3ಡಿಎಸ್ (ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್) ತಗೊಂಡಿದ್ದೀರಿ, ಪುಶ್‌ಮೋ ಬೇಕು ಅಂತ ಕೇಳಿದ್ದೀರಿ. ಹೊಸದಾಗಿ ಕೊಳ್ಳಲು ಆಗುವುದಿಲ್ಲ. ಇದು ಡೌನ್‌ಲೋಡ್ ಆಗಿಯೇ ಬಂದ ಆಟ. 2023ರ ಮಾರ್ಚ್‌ನಲ್ಲಿ ಆ ಕನ್ಸೋಲ್‌ನ ಆನ್‌ಲೈನ್ ಅಂಗಡಿ ಇ-ಶಾಪ್ ಮಾರಾಟ ನಿಲ್ಲಿಸಿತು. ಹಿಂದಿನವರು ಕೊಂಡು ಅದರಲ್ಲೇ ಬಿಟ್ಟಿರಬಹುದು ಅಲ್ವಾ? ಫಾರ್ಮ್ಯಾಟ್ ಮಾಡಿ ಎಲ್ಲ ಅಳಿಸುವ ಮೊದಲು ದಯವಿಟ್ಟು ಒಮ್ಮೆ ನೋಡಿ.

ಇದ್ದರೆ ಖಂಡಿತ ಆಡಿ. ಗೋಡೆಯ ಹಾಗೆ ನಿಂತ ಬಣ್ಣದ ಬ್ಲಾಕ್‌ಗಳನ್ನು ಮೇಜಿನ ಡ್ರಾಯರ್ ಎಳೆದಂತೆ ಹೊರಗೆ ಎಳೆಯಬೇಕು, ಹೆಚ್ಚೆಂದರೆ ಮೂರು ಹೆಜ್ಜೆ. ಅದನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿ, ಒಳಗೆ ಸಿಕ್ಕಿಬಿದ್ದ ಮಗುವನ್ನು ತಲುಪಬೇಕು. ತಪ್ಪಿದರೆ ಬಟನ್ ಒತ್ತಿ ಹಿಡಿದು ಹಿಂದಕ್ಕೆ ಹೋಗಬಹುದು. ಜೋರು ಮಳೆಗೆ ಪಂಪ್‌ವೆಲ್ ಹತ್ತಿರ ಬಸ್ ನಿಂತಾಗ, ನಾನು ಒಂದೇ ಹಂತಕ್ಕೆ ಅರ್ಧ ಗಂಟೆ ಕೂತದ್ದುಂಟು. ಕೊನೆಗೆ ಎಳೆಯಬೇಕಿದ್ದದ್ದು ಕೆಳಗಿನ ಒಂದು ಸಣ್ಣ ಬ್ಲಾಕ್!