ಓದುಗರ ಪ್ರಶ್ನೆ: ಮಾರ್ಜ್ ಅತ್ತೆ ಉಬ್ಬಿದ್ದು ಯಾಕೆ?

ಪ್ರಶ್ನೆ: ಮಕ್ಕಳಿಗಾಗಿ ಒಂದು ಮಾಂತ್ರಿಕ ಕಥೆ ಬರೆಯುತ್ತಿದ್ದೇನೆ. ಅದರಲ್ಲಿ ಎಲ್ಲರ ಮೇಲೂ ದರ್ಬಾರು ಮಾಡುವ ಅತ್ತೆಯೊಬ್ಬಳಿದ್ದಾಳೆ. ಅವಳ ಬಾಯಲ್ಲಿ ಎಷ್ಟು ಬೈಗುಳ ತುಂಬಿದರೂ ಪಾತ್ರ ಜೀವ ತಳೆಯುತ್ತಿಲ್ಲ. ಹ್ಯಾರಿ ಪಾಟರ್ ಕಥೆಯ ಮಾರ್ಜ್ ಅತ್ತೆ ಮಾತ್ರ ಮನಸ್ಸಿನಿಂದ ಹೋಗುವುದೇ ಇಲ್ಲ. ಏನು ವ್ಯತ್ಯಾಸ?

ಉತ್ತರ: ಬೈಗುಳ ಇಳಿಸಿ, ಅವಳು ಮಾಡುವ ಕೆಲಸ ತೋರಿಸಿ. 1999ರ ಮೂರನೇ ಪುಸ್ತಕದ ಎರಡನೇ ಅಧ್ಯಾಯವನ್ನು ಮತ್ತೆ ಓದಿ. ಹ್ಯಾರಿ ಬೆಳೆಯುತ್ತಿರುವ ದೊಡ್ಡಮ್ಮನ ಮನೆಗೆ ಮಾರ್ಜ್ ಕಾಲಿಡುವ ಮೊದಲೇ ಅವಳ ಹಳೆಯ ಕೃತ್ಯಗಳು ಬಂದುಬಿಡುತ್ತವೆ. ಆ ಮನೆಯ ಮಗ ಡಡ್ಲಿಯ ಐದನೇ ಹುಟ್ಟುಹಬ್ಬದ ಆಟದಲ್ಲಿ ಹ್ಯಾರಿ ಗೆಲ್ಲಬಾರದೆಂದು ಊರುಗೋಲಿನಿಂದ ಅವನ ಮೊಣಕಾಲಿನ ಕೆಳಗೆ ಬಾರಿಸಿದ್ದಳು. ಒಂದು ಕ್ರಿಸ್‌ಮಸ್‌ಗೆ ಡಡ್ಲಿಗೆ ರೋಬೋ ತಂದವಳು ಹ್ಯಾರಿಗೆ ತಂದಿದ್ದು ನಾಯಿ ಬಿಸ್ಕತ್ತಿನ ಡಬ್ಬಿ. ಅವಳ ನಾಯಿ ರಿಪ್ಪರ್ ಅವನನ್ನು ಮರ ಹತ್ತಿಸಿದಾಗ, ಮಧ್ಯರಾತ್ರಿ ಕಳೆಯುವವರೆಗೂ ಅದನ್ನು ವಾಪಸ್ ಕರೆಯಲಿಲ್ಲ. ಬಿಸ್ಕತ್ತಿನ ಡಬ್ಬಿಯನ್ನೇ ಗಮನಿಸಿ: ಆ ಮಗುವನ್ನು ಅವಳು ಏನೆಂದು ಎಣಿಸಿದ್ದಾಳೆ ಎಂಬುದಕ್ಕೆ ಮತ್ತೆ ಸಂಭಾಷಣೆಯೇ ಬೇಡ.

ಇನ್ನೊಂದು, ಹುಡುಗ ಎದುರು ಮಾತಾಡದಿರಲು ಗಟ್ಟಿ ಕಾರಣ ಕೊಡಿ. ಅದಿಲ್ಲದಿದ್ದರೆ ಓದುವ ಮಗುವಿಗೆ "ಇವನ್ಯಾಕೆ ಸುಮ್ಮನಿದ್ದಾನೆ?" ಅನ್ನಿಸಿ ಕಥೆ ಅಲ್ಲೇ ಸಡಿಲವಾಗುತ್ತದೆ. ಶಾಲೆಯ ಪಕ್ಕದ ಮಾಂತ್ರಿಕರ ಹಳ್ಳಿ ಹಾಗ್ಸ್‌ಮೀಡ್‌ಗೆ ಹೋಗಲು ಹ್ಯಾರಿಯ ಅರ್ಜಿಗೆ ಪೋಷಕರ ಸಹಿ ಬೇಕು. ಮಾರ್ಜ್ ಇರುವ ಒಂದು ವಾರ ತೆಪ್ಪಗಿದ್ದರೆ ಸಹಿ ಹಾಕುತ್ತೇನೆ ಎನ್ನುತ್ತಾನೆ ಡಡ್ಲಿಯ ತಂದೆ ವರ್ನನ್. ಪಣವೂ ಇದೆ, ಗಡುವೂ ಇದೆ.

ಮಾಂತ್ರಿಕತೆಯನ್ನು ಒಮ್ಮೆಗೇ ಸುರಿಯಬೇಡಿ. ಮೂರನೇ ದಿನದ ಊಟದಲ್ಲಿ ಹ್ಯಾರಿಯ ಸಿಟ್ಟಿಗೆ ಮಾರ್ಜ್ ಕೈಯಲ್ಲಿದ್ದ ವೈನ್ ಗ್ಲಾಸ್ ಸಿಡಿಯುತ್ತದೆ. ತನ್ನ ಹಿಡಿತವೇ ಅಷ್ಟು ಬಿಗಿ ಎಂದು ಅವಳೇ ಸಮಾಧಾನ ಹೇಳುತ್ತಾಳೆ. ಎಷ್ಟು ಸರಿಯಾದ ಮಾತು! ದರ್ಬಾರಿನವರು ಎಲ್ಲಕ್ಕೂ ತಮ್ಮದೇ ವಿವರಣೆ ಇಟ್ಟುಕೊಂಡಿರುತ್ತಾರೆ. ಅತ್ತ ಹ್ಯಾರಿ ಸಿಟ್ಟು ತಡೆಯಲು ಹಾರುವ ಪೊರಕೆಯ ನಿರ್ವಹಣೆಯ ಕೈಪಿಡಿಯನ್ನು ಮನಸ್ಸಿನಲ್ಲೇ ಓದಿಕೊಳ್ಳುತ್ತಾನೆ. ಅವನ ಶೂನ್ಯ ನೋಟ ಕಂಡು ಇವನು ಮಂದಬುದ್ಧಿ ಎನ್ನುತ್ತಾಳೆ ಅವಳು. ಕೊನೆಯ ರಾತ್ರಿ ಬ್ರಾಂದಿ ಏರಿಸಿ ಅವನ ಸತ್ತ ತಂದೆತಾಯಿಯನ್ನು ಜರೆದಾಗ ಹ್ಯಾರಿಯ ಸಹನೆಯ ಕಟ್ಟೆ ಒಡೆಯುತ್ತದೆ. ಅವನ ಮಾಂತ್ರಿಕ ಶಕ್ತಿಗೆ ಅವಳ ಮುಖ ಊದುತ್ತದೆ, ಬಾಯಿ ಬಿಗಿದು ಮಾತು ನಿಲ್ಲುತ್ತದೆ, ಕೋಟಿನ ಗುಂಡಿಗಳು ಕಿತ್ತು ಗೋಡೆಗೆ ಬಡಿಯುತ್ತವೆ, ಆಮೇಲೆ ಅವಳು ಮೇಲೇಳುತ್ತಾಳೆ. ಮೊದಲು ಮಾತು ನಿಲ್ಲಿಸಿದ್ದೇ ಲೇಖಕಿಯ ಜಾಣ್ಮೆ.

ಗೆಲುವನ್ನು ಪುಕ್ಕಟೆ ಕೊಡಬೇಡಿ. ಹ್ಯಾರಿಯ ಅರ್ಜಿ ಸಹಿಯಿಲ್ಲದೆ ಉಳಿಯುತ್ತದೆ.

ಪ್ರಶ್ನೆ: ಮಾರ್ಜ್ ಹ್ಯಾರಿಗೆ ಏನಾಗಬೇಕು?

ಉತ್ತರ: ರಕ್ತಸಂಬಂಧವೇ ಇಲ್ಲ. ಅವಳು ಹ್ಯಾರಿಯ ದೊಡ್ಡಮ್ಮ ಪೆಟೂನಿಯಾಳ ನಾದಿನಿ, ಡಡ್ಲಿಗೆ ಸೋದರತ್ತೆ. ಆದರೂ ಹ್ಯಾರಿ ಅವಳನ್ನು ಅತ್ತೆ ಎಂದೇ ಕರೆಯಬೇಕು.

ಪ್ರಶ್ನೆ: ಸಿನಿಮಾದಲ್ಲಿ ಆಕೆ ಆಕಾಶಕ್ಕೇ ಹಾರುತ್ತಾಳಲ್ಲ, ಪುಸ್ತಕದಲ್ಲೂ ಹಾಗೆಯೇ? ಹ್ಯಾರಿಗೆ ಶಿಕ್ಷೆ ಯಾಕಾಗಲಿಲ್ಲ?

ಉತ್ತರ: 2004ರ ಸಿನಿಮಾದಲ್ಲಿ ಹೊರಗೆ ತೇಲಿ ಹೋಗುತ್ತಾಳೆ. ಪುಸ್ತಕದಲ್ಲಿ ಮನೆಯೊಳಗೇ ಚಾವಣಿಯತ್ತ ತೇಲುತ್ತಾಳೆ. ಕಾಲು ಹಿಡಿದೆಳೆಯಲು ಹೋದ ವರ್ನನ್ ತಾನೂ ನೆಲ ಬಿಡುವಂತಾಗುತ್ತದೆ, ರಿಪ್ಪರ್ ಅವನ ಕಾಲಿಗೇ ಬಾಯಿ ಹಾಕುತ್ತದೆ. ಮಾಂತ್ರಿಕರ ಸರ್ಕಾರದ ಸಚಿವಾಲಯದ ಇಬ್ಬರು ಬಂದು ಗಾಳಿ ಇಳಿಸಿ ಅವಳ ನೆನಪನ್ನು ತಿದ್ದುತ್ತಾರೆ. ಹಿಂದಿನ ವರ್ಷ ಮಾಂತ್ರಿಕ ಮನೆಯಾಳು ಡಾಬಿ ಮಾಡಿದ ಕೆಲಸಕ್ಕೂ ಹ್ಯಾರಿಗೆ ಎಚ್ಚರಿಕೆ ಪತ್ರ ಬಂದಿತ್ತು. ಈ ಸಲವೋ, ಹ್ಯಾರಿಯನ್ನು ಕೊಲ್ಲಲು ಬರುತ್ತಾನೆಂದು ಸಚಿವಾಲಯ ನಂಬಿದ್ದ ಕೈದಿ ಸಿರಿಯಸ್ ಬ್ಲ್ಯಾಕ್ ಸೆರೆಮನೆಯಿಂದ ತಪ್ಪಿಸಿಕೊಂಡಿದ್ದಾನೆ. ಮನೆ ಬಿಟ್ಟು ಓಡಿದ ಹುಡುಗ ಜೀವಂತ ಸಿಕ್ಕಿದ್ದೇ ಮಂತ್ರಿ ಫಡ್ಜ್‌ಗೆ ದೊಡ್ಡ ನೆಮ್ಮದಿ.