ದಲ್ಲಾಳಿ ತಂದ ವಕೀಲರು ಯಾರ ವಕೀಲರು?

ಈ ಸಲ ಬಂದ ಪತ್ರಗಳಲ್ಲಿ ಮನೆ, ಪ್ಲಾಟ್ ವಿಷಯದ್ದೇ ಜಾಸ್ತಿ. ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಉತ್ತರ ಉದ್ದವಾಯಿತು, ಬೇಸರ ಮಾಡಿಕೊಳ್ಳಬೇಡಿ.

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮಾಸ್ತರ್, ಆಳಂದದಲ್ಲಿದ್ದೇನೆ. ಮಗಳ ಹತ್ತಿರ ಇರೋಣ ಅಂತ ಕಲಬುರಗಿಯ ಬ್ರಹ್ಮಪುರದ ಕಡೆ ಒಂದು ಹಳೆ ಮನೆ ನೋಡಿದ್ದೇವೆ. 48 ಲಕ್ಷಕ್ಕೆ ಮಾತಾಗಿದೆ, ಸಂಚಕಾರ ಇನ್ನೂ ಕೊಟ್ಟಿಲ್ಲ. ದಲ್ಲಾಳಿ, “ನಮ್ಮ ವಕೀಲರೇ ಅದಾರ್ರಿ ಸರ, ಎರಡೂ ಕಡಿಗಿ ಒಬ್ಬರೇ ಸಾಕು, ಡಬಲ್ ಖರ್ಚ್ ಯಾಕ?” ಅನ್ನುತ್ತಾನೆ. ಬ್ಯಾಂಕಿನವರು ಕಾಗದ ನೋಡಲು ತಮ್ಮ ವಕೀಲರಿದ್ದಾರೆ ಅನ್ನುತ್ತಾರೆ. ಇಂಗ್ಲೆಂಡಿನಲ್ಲಿರುವ ಮಗ ಮಾತ್ರ ಫೋನ್ ಮಾಡಿದಾಗೆಲ್ಲ “ಅಪ್ಪಾ, ಅಲ್ಲೇ ಒಬ್ಬ ಒಳ್ಳೆ ಸಾಲಿಸಿಟರ್ ಹಿಡಿ” ಅನ್ನುತ್ತಾನೆ. ಯಾರನ್ನು ಹಿಡಿಯಲಿ ಅಕ್ಕಾರೇ? ಒಳ್ಳೆಯವರು ಅಂತ ಗೊತ್ತಾಗುವುದು ಹೇಗೆ?

ಉತ್ತರ: ಮಾಸ್ತರೇ, ಸಂಚಕಾರ ಕೊಡುವ ಮೊದಲೇ ಬರೆದಿರಿ, ಒಳ್ಳೇದಾಯಿತು. ನನ್ನ ಆಫೀಸಿಗೆ ಬರುವವರು ಹೆಚ್ಚಾಗಿ ಕೊಟ್ಟ ಮೇಲೆಯೇ ಬರುತ್ತಾರೆ.

ನಿಮ್ಮ ಮಗ ಹೇಳುವುದು ಅಲ್ಲಿನ ಪದ್ಧತಿ. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಕೊಳ್ಳುವವರಿಗೊಬ್ಬರು, ಮಾರುವವರಿಗೊಬ್ಬರು ಸಾಲಿಸಿಟರ್, ಅಂದರೆ ಕಾಗದಪತ್ರ ನೋಡಿಕೊಳ್ಳುವ ವಕೀಲರು, ಇರುತ್ತಾರೆ. ಮನೆಯ ದುಡ್ಡು ಕೂಡ ಅವರ ಖಾತೆಗಳ ಮೂಲಕವೇ ಕೈ ಬದಲಾಗುತ್ತದೆ. ನಮ್ಮಲ್ಲಿ 1961ರ ವಕೀಲರ ಕಾಯ್ದೆಯಡಿ ಎಲ್ಲರೂ ವಕೀಲರೇ, ಸಾಲಿಸಿಟರ್ ಅಂತ ಬೇರೆ ಪಂಗಡ ಇಲ್ಲ. ಆದರೆ ಇದಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ಅಲ್ಲಿ ಸರಕಾರದ ಭೂ ದಾಖಲೆಯಲ್ಲಿ ಹೆಸರು ಬಂತು ಅಂದರೆ ಮಾಲಕತ್ವಕ್ಕೆ ಸರಕಾರದ್ದೇ ಭರವಸೆ. ಇಲ್ಲಿ ನೋಂದಣಿ ಆಗುವುದು ಪತ್ರ ಮಾತ್ರ. ಸಬ್ ರಿಜಿಸ್ಟ್ರಾರ್ ನಿಮ್ಮ ಫೋಟೋ ತೆಗೆಯುತ್ತಾರೆ, ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ, ಮುದ್ರಾಂಕ ಸರಿ ಇದೆಯಾ ನೋಡುತ್ತಾರೆ. ಮಾರುತ್ತಿರುವವನ ಅಪ್ಪನಿಗೆ ಆ ಮನೆ ನಿಜಕ್ಕೂ ಹೇಗೆ ಬಂತು ಅಂತ ಅವರು ಹುಡುಕಿಕೊಂಡು ಹೋಗುವುದಿಲ್ಲ. ಅದನ್ನು ನಿಮ್ಮ ಪರವಾಗಿ ಯಾರಾದರೂ ಹುಡುಕಬೇಕು. ವಕೀಲರು ಬೇಕಾಗುವುದು ಇದಕ್ಕೇ. ಪತ್ರ ಬರೆಯುವುದನ್ನು ಬಾಂಡ್ ರೈಟರ್ ಕೂಡ ಮಾಡುತ್ತಾರೆ.

ಇನ್ನು ದಲ್ಲಾಳಿಯ ವಕೀಲರು. ಅವರು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ಆದರೆ ಲೆಕ್ಕ ನೋಡಿ. ವ್ಯವಹಾರ ಮುಗಿದರೆ ಮಾತ್ರ ದಲ್ಲಾಳಿಗೆ ಕಮಿಷನ್. ಆ ವಕೀಲರಿಗೆ ಅವನು ತಿಂಗಳು ತಿಂಗಳು ಗಿರಾಕಿ ತಂದುಕೊಡುತ್ತಾನೆ. ನೀವು ಹೋಗುವುದು ಜೀವನದಲ್ಲಿ ಒಂದೇ ಸಲ. ಕಾಗದದಲ್ಲಿ ಹುಳುಕು ಕಂಡಾಗ “ಈ ಮನೆ ಬೇಡ” ಅನ್ನಲು ಅವರಿಗೆ ಎಷ್ಟು ಕಷ್ಟ ಅಲ್ವಾ?

ಇದು ನನಗೇ ಆದದ್ದು. ವಕೀಲಿ ಶುರು ಮಾಡಿ ಮೂರು ವರ್ಷ ಆಗಿತ್ತು. ನಾನು, ನಮ್ಮ ಯಜಮಾನರು ಸೇರಿ ಸೇಡಂ ರಸ್ತೆ ಕಡೆ ಒಂದು ಪ್ಲಾಟ್ ಹಿಡಿದೆವು. ದಲ್ಲಾಳಿ ಕಡೆಯ ವಕೀಲರು ನನಗಿಂತ ಹಿರಿಯರು. ಅವರು ‘ಎಲ್ಲಾ ಸರಿ ಇದೆ’ ಅಂದ ಮೇಲೆ ಮತ್ತೆ ಕಾಗದ ಕೇಳುವುದು ನನಗೇ ಸಂಕೋಚ. ವಂಶವೃಕ್ಷದಲ್ಲಿ ನಾಲ್ಕು ಜನ ಮಕ್ಕಳು, ನಾಲ್ವರ ಸಹಿಯೂ ಇತ್ತು. ಐದನೆಯವಳು ಸೊಲ್ಲಾಪುರದಲ್ಲಿದ್ದಳು. ‘ಕೊಟ್ಟ ಹೆಣ್ಣು’ ಅಂತ ಅವಳ ಹೆಸರನ್ನೇ ಬರೆಸಿರಲಿಲ್ಲ. ಖರೀದಿಯಾದ ಮರುವರ್ಷ ದಾವೆಯ ನೋಟಿಸ್ ಬಂತು. ಅದು ಮಾರಿದವರ ಅಪ್ಪನ ಸ್ವಂತ ಗಳಿಕೆಯ ಆಸ್ತಿ, ಅವರು ಉಯಿಲು ಬರೆಯದೆ ತೀರಿಕೊಂಡಿದ್ದರು. ಅಂಥದ್ದರಲ್ಲಿ ಮಗಳಿಗೂ ಸಮಪಾಲು ಅಂತ 1956ರಿಂದಲೇ ಕಾನೂನಿದೆ. ನಾಲ್ಕು ವರ್ಷ ಓಡಾಡಿ, ಕೊನೆಗೆ ಅವಳಿಗೂ ದುಡ್ಡು ಕೊಟ್ಟು ಹಕ್ಕು ಬಿಡುಗಡೆ ಪತ್ರ ಬರೆಸಿಕೊಂಡೆವು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ, ನನ್ನ ಮೇಲೆ ಬಂತು. ಈಗಂತೂ ಪಿತ್ರಾರ್ಜಿತದಲ್ಲೂ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಹಕ್ಕು. 2005ರ ತಿದ್ದುಪಡಿ ಕೊಟ್ಟದ್ದನ್ನು 2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಗಟ್ಟಿ ಮಾಡಿದೆ.

ಬ್ಯಾಂಕಿನ ವಕೀಲರು ಬ್ಯಾಂಕಿನ ಸಾಲಕ್ಕೆ ಕಾವಲು. ಅವರ ವರದಿ ಹೋಗುವುದು ಮ್ಯಾನೇಜರ್ ಮೇಜಿಗೆ. ಒಂದು ಪ್ರತಿ ಕೇಳಿ ನೋಡಿ, ಕೊಟ್ಟರೆ ಇಟ್ಟುಕೊಳ್ಳಿ. ಅದೊಂದನ್ನೇ ನಂಬಿ ಕೂರಬೇಡಿ.

ಹಾಗಾದರೆ ಹುಡುಕುವುದು ಹೇಗೆ? ಅದೇ ಓಣಿಯಲ್ಲಿ ಈಚೆಗೆ ಮನೆ ಕೊಂಡವರ ಮನೆಗೆ ಹೋಗಿ ಒಂದು ಕಪ್ ಚಹಾ ಕುಡಿದು ಬನ್ನಿ. ಆಮೇಲೆ ನೋಂದಣಿ ಕಚೇರಿ ಹತ್ತಿರ ಕೂರುವ ಬಾಂಡ್ ರೈಟರನ್ನು, “ಕಾಗದಕ್ಕೆ ಭಾಳ ಕಿರಿಕಿರಿ ಮಾಡೋ ವಕೀಲರು ಯಾರಪ್ಪಾ?” ಅಂತ ಕೇಳಿ. ಅವನು ಮುಖ ಸಿಂಡರಿಸಿಕೊಂಡು ಹೇಳುವ ಹೆಸರನ್ನು ಬರೆದುಕೊಳ್ಳಿ. 2008ರಲ್ಲಿ ಕಲಬುರಗಿಗೆ ಹೈಕೋರ್ಟ್ ಪೀಠ ಬಂದ ಮೇಲೆ ಊರಲ್ಲಿ ದೊಡ್ಡ ಹೆಸರಿನ ವಕೀಲರಿಗೇನೂ ಬರವಿಲ್ಲ. ಆದರೆ ರಿಟ್ ವಾದಿಸುವುದೇ ಬೇರೆ, ಜಾಮೀನು ಕೊಡಿಸುವುದೇ ಬೇರೆ, ಮನೆ ಕಾಗದ ಓದುವುದೇ ಬೇರೆ. ನಿಮಗೆ ಬೇಕಾದವರು ಸಿವಿಲ್ ಕಡೆಯವರು, ಅದರಲ್ಲೂ ಈ ಊರಿನ ಹಳೆ ಕಾಗದ ಕೈಯಲ್ಲಿ ಹಿಡಿದು ಗೊತ್ತಿದ್ದವರು.

ಈ ಊರಿನವರೇ ಯಾಕೆ ಅಂತೀರಾ? ನಮ್ಮದು ನಿಜಾಮರ ಸೀಮೆ. ಹಳೆ ಊರಿನ ಮನೆಯ ಮೂಲ ಕಾಗದ ಉರ್ದುವಿನಲ್ಲಿ ಇರಬಹುದು, ತಾರೀಖು ಫಸಲಿ ವರ್ಷದಲ್ಲಿ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷದಲ್ಲಿ, ಇರಬಹುದು. ಒಮ್ಮೆ ನಾನೂ ಬೆಂಗಳೂರಿನ ಒಬ್ಬ ಕಿರಿಯ ವಕೀಲರೂ ಒಂದೇ ಕಡತ ನೋಡುತ್ತಿದ್ದೆವು. ಅದರಲ್ಲಿ 1352 ಅಂತ ಇತ್ತು. ಆ ಹುಡುಗ ಗಂಭೀರವಾಗಿ “ಮೇಡಂ, ಇದು ಬಹಮನಿ ಕಾಲದ್ದಾ?” ಅಂದ. ನಮ್ಮ ಕಡೆಯ ಫಸಲಿಗೆ 590 ಕೂಡಿಸಬೇಕು, ಅದು 1942ರ ಆಸುಪಾಸಿನ ಕಾಗದ. ನಗು ಬಂದರೂ ತಪ್ಪು ಅವನದಲ್ಲ, ಅವನ ಊರಿನಲ್ಲಿ ಇಂಥ ಕಾಗದ ಸಿಗುವುದಿಲ್ಲ. ಜಾಗ ಹಿಂದೆ ಇನಾಂ (ಆಳುವವರು ದಾನವಾಗಿ ಕೊಟ್ಟ ಭೂಮಿ) ಆಗಿತ್ತಾ, ದೇವಸ್ಥಾನದ್ದೋ ವಕ್ಫ್‌ನದ್ದೋ ಅಂತ ಎಲ್ಲಾದರೂ ದಾಖಲಾಗಿದೆಯಾ ಅನ್ನುವುದನ್ನೂ ಇಲ್ಲಿಯವರಾದರೆ ನೀವು ಹೇಳದೆಯೇ ನೋಡುತ್ತಾರೆ.

ಮೊದಲ ಭೇಟಿಯಲ್ಲಿ ನೀವು ಏನು ಕೇಳಬೇಕು ಅನ್ನುವುದಕ್ಕಿಂತ ಅವರು ಏನು ಕೇಳುತ್ತಾರೆ ಅಂತ ಗಮನಿಸಿ. ‘ಮಾರುವವರಿಗೆ ಅಕ್ಕತಂಗಿಯರು ಎಷ್ಟು ಜನ? ಮನೆಯಲ್ಲಿ ಈಗ ಯಾರಿದ್ದಾರೆ, ಬಾಡಿಗೆಯವರಾ? ಮೂಲ ಕಾಗದ ಯಾರ ಕೈಯಲ್ಲಿದೆ, ಅಡವಿಟ್ಟಿಲ್ಲ ತಾನೇ? ಪಾಲಿಕೆಯ ಇ-ಖಾತಾ ಆಗಿದೆಯಾ?’ ಹೀಗೆ ತಲೆ ತಿಂದರೆ ಖುಷಿಪಡಿ. ಮೊಬೈಲಿನಲ್ಲಿ ಇಸಿ (ಋಣಭಾರ ಪ್ರಮಾಣಪತ್ರ) ನೋಡಿ “ಕ್ಲಿಯರ್ ಅದ” ಅಂದರೆ ಎದ್ದು ಬನ್ನಿ. ಆನ್‌ಲೈನ್‌ನಲ್ಲಿ ಸಿಗುವ ಇಸಿ 2004ರಿಂದ ಈಚೆಯದು. ಅದರ ಹಿಂದಿನದಕ್ಕೆ ಕಚೇರಿಯ ಹಳೆ ಪುಸ್ತಕ ತೆಗೆಸಬೇಕು. ಇಸಿಯಲ್ಲಿ ಬರುವುದು ನೋಂದಣಿಯಾದ ಪತ್ರಗಳ ವಿವರ. ನೋಟರಿ ಮಾಡಿಸಿದ ಕರಾರು, ಕೋರ್ಟಿನಲ್ಲಿರುವ ದಾವೆ, ಬಿಟ್ಟುಹೋದ ತಂಗಿ, ಇವರ್‍ಯಾರೂ ಅದರಲ್ಲಿ ಕಾಣಿಸುವುದಿಲ್ಲ.

ನೀವು ಕೇಳಬೇಕಾದದ್ದು ಒಂದಿದೆ, ಸಂಕೋಚ ಬೇಡ: “ಸರ್, ಮಾರುವವರ ಕಡೆಯೋ ದಲ್ಲಾಳಿ ಕಡೆಯೋ ನಿಮ್ಮ ವ್ಯವಹಾರ ಇದೆಯಾ?” ಬಾರ್ ಕೌನ್ಸಿಲ್ ನೋಂದಣಿ ಸಂಖ್ಯೆಯನ್ನೂ ಕೇಳಿ. ಅಭಿಪ್ರಾಯವನ್ನು ಸಹಿ, ತಾರೀಖು ಹಾಕಿ ಬರಹದಲ್ಲಿ ಕೊಡಲು ಹೇಳಿ. ಯಾವ ಯಾವ ಕಾಗದ ನೋಡಿದೆ, ಯಾವುದು ಸಿಗಲಿಲ್ಲ ಅನ್ನುವುದು ಅದರಲ್ಲಿರಲಿ.

ಫೀಸಿನ ಮಾತು. ಕಾಗದ ನೋಡುವುದಕ್ಕೆ ಎಷ್ಟು, ಪತ್ರ ಬರೆಯುವುದಕ್ಕೆ ಎಷ್ಟು, ನೋಂದಣಿ ದಿನ ಬರುವುದಕ್ಕೆ ಎಷ್ಟು ಅಂತ ಬಿಡಿಸಿ ಕೇಳಿ. ಮನೆ ಬೇಡ ಅಂತ ತೀರ್ಮಾನವಾದರೂ ನೋಡಿದ ಫೀಸು ಕೊಡಬೇಕು, ಅಲ್ಲಿ ಜಿಪುಣತನ ಮಾಡಬೇಡಿ. ಸರಕಾರಕ್ಕೆ ಕಟ್ಟುವ ದುಡ್ಡನ್ನು ಇದರಲ್ಲಿ ಕಲಸಬೇಡಿ. 48 ಲಕ್ಷಕ್ಕೆ ಮುದ್ರಾಂಕ ಶುಲ್ಕ 5%, ಅದರ ಮೇಲೆ ಸೆಸ್, ಸರ್‌ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2% ಆಗಿದೆ. ಎಲ್ಲಾ ಸೇರಿ 7.6%, ಅಂದರೆ 3,64,800 ರೂಪಾಯಿ. ಸರಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ ಇದಕ್ಕಿಂತ ಹೆಚ್ಚಿದ್ದರೆ ಅದರ ಮೇಲೆ ಲೆಕ್ಕ. ಈ ದುಡ್ಡನ್ನು ಯಾರ ಕೈಗೂ ನಗದಾಗಿ ಕೊಡಬೇಡಿ, ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದ ಮೂಲಕ ನಿಮ್ಮ ಖಾತೆಯಿಂದಲೇ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಕಾಗದ ನೋಡುವ ಕೆಲಸ ಹದಿನೈದು ದಿನ ಹಿಡಿದರೂ ಹಿಡಿಯಲಿ. ‘ಬೇರೆ ಗಿರಾಕಿ ಬಂದಾನ್ರಿ’ ಅಂತ ದಲ್ಲಾಳಿ ಹೇಳೇ ಹೇಳುತ್ತಾನೆ. ಬರಲಿ ಬಿಡಿ.

ಪ್ರಶ್ನೆ: ನಮ್ಮವರು ಹೋದ ವರ್ಷ ತೀರಿಕೊಂಡರು. ಬೀದರಿನಲ್ಲಿ ಅವರೇ ಕೊಂಡಿದ್ದ ಪ್ಲಾಟ್ ಮಾರುತ್ತಿದ್ದೇನೆ. ಮಗಳಿಗೆ 20, ಮಗನಿಗೆ 15, ಅತ್ತೆಯವರೂ ನಮ್ಮ ಜೊತೆಗೇ ಇದ್ದಾರೆ. ಕೊಳ್ಳುವವರ ವಕೀಲರು ಕರಾರು ಬರೆದು ತಂದು, ಸಹಿ ಮಾಡಿ ಮೂಲ ಕಾಗದ ಕೊಡಿ ಅನ್ನುತ್ತಿದ್ದಾರೆ. ಮಾರುವವರಿಗೂ ವಕೀಲರು ಬೇಕಾ?

ಉತ್ತರ: ನಿಮಗೆ ಖಂಡಿತ ಬೇಕು ತಂಗಿ. ಅವರು ನಿಮಗೆ ಎಷ್ಟೇ ಮರ್ಯಾದೆ ಕೊಟ್ಟು ಮಾತಾಡಿದರೂ ಕರಾರು ಬರೆದಿರುವುದು ಕೊಳ್ಳುವವರ ಪರವಾಗಿ. ಸದ್ಯಕ್ಕೆ ಝೆರಾಕ್ಸ್ ಕೊಡಿ, ಮೂಲ ಕಾಗದವನ್ನು ಮುಂದೆ ಕೂತು ತೋರಿಸಿ. ಪೂರ್ತಿ ಹಣ ಬಂದ ಮೇಲೆ ಮೂಲ ಕಾಗದ ಕೊಳ್ಳುವವರಿಗೆ ಸೇರಬೇಕು ಅನ್ನುವುದೇ 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕ್ರಮ. ಬಾಕಿ ಹಣ ಯಾವ ತಾರೀಖಿನೊಳಗೆ ಅಂತ ಕರಾರಿನಲ್ಲಿ ಇದೆಯಾ ನೋಡಿ. ನಗದು ಬೇಡ. ಆಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ, ತೆಗೆದುಕೊಂಡವರಿಗೇ ಅಷ್ಟೇ ದಂಡ ಬೀಳಬಹುದು.

ನೀವು ಕೇಳದ ಒಂದು ಮಾತು ಇದಕ್ಕಿಂತ ದೊಡ್ಡದು. ಉಯಿಲು ಇಲ್ಲದಿದ್ದರೆ, ಹಿಂದೂ ವಾರಸಾ ಕಾಯ್ದೆಯ ಪ್ರಕಾರ ಆ ಪ್ಲಾಟ್ ನಿಮ್ಮೊಬ್ಬರದಲ್ಲ. ನೀವು, ಮಗಳು, ಮಗ, ಅತ್ತೆ, ನಾಲ್ವರಿಗೂ ಕಾಲು ಕಾಲು ಪಾಲು. ಅತ್ತೆ, ಮಗಳ ಸಹಿ ಬೇಕು. ಮಗ ಇನ್ನೂ ಚಿಕ್ಕವನು, ಅವನ ಪಾಲು ಮಾರಲು ಮೊದಲು ಕೋರ್ಟಿನ ಅನುಮತಿ ತರಬೇಕು. ಇಲ್ಲದಿದ್ದರೆ ನಾಳೆ ಅವನೇ ಆ ಮಾರಾಟವನ್ನು ಪ್ರಶ್ನಿಸಬಹುದು. ಕೊಳ್ಳುವವರ ವಕೀಲರು ಇದನ್ನು ಎತ್ತೇ ಇಲ್ಲ ಅಂದರೆ ಅವರು ಅವರ ಕಕ್ಷಿದಾರರಿಗೂ ಸರಿಯಾಗಿ ಕೆಲಸ ಮಾಡುತ್ತಿಲ್ಲ! ಸಹಿಗೆ ಅವಸರ ಮಾಡಬೇಡಿ.

ಪ್ರಶ್ನೆ: ಯಾದಗಿರಿಯಲ್ಲಿ ಒಂದು ಪ್ಲಾಟ್‌ಗೆ ಪೂರ್ತಿ ದುಡ್ಡು ಕೊಟ್ಟಿದ್ದೇನೆ. ನೋಟರಿ ಮಾಡಿಸಿದ ಕರಾರು, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಇದೆ. ಪ್ಲಾಟ್ ನನ್ನದಾಯಿತಲ್ವಾ? ಈಗ ಆತ ಫೋನ್ ಎತ್ತುತ್ತಿಲ್ಲ.

ಉತ್ತರ: ಇನ್ನೂ ಆಗಿಲ್ಲ. ಜಿಪಿಎಯಿಂದ ಮಾಲಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಣಿಯಾದ ಖರೀದಿ ಪತ್ರವೇ ಬೇಕು. ಆತ ಬರೆದುಕೊಡದಿದ್ದರೆ ದಾವೆ ಹಾಕಬಹುದು, ಆದರೆ ಅದಕ್ಕೆ ಗಡುವಿದೆ. ಕರಾರಿನಲ್ಲಿ ದಿನ ಗೊತ್ತು ಮಾಡಿದ್ದರೆ ಆ ದಿನದಿಂದ 3 ವರ್ಷ. ದಿನ ಹಾಕಿಲ್ಲದಿದ್ದರೆ, ಆತ ಬರೆದುಕೊಡಲು ಒಪ್ಪುವುದಿಲ್ಲ ಅಂತ ನಿಮಗೆ ಗೊತ್ತಾದ ದಿನದಿಂದ 3 ವರ್ಷ. ಅದಕ್ಕೇ ಅವನ ಮನೆಗೆ ಹೋಗಿ ಜಗಳ ತೆಗೆದು “ಏನ್ ಮಾಡ್ಕೋತಿ ಮಾಡ್ಕೋ” ಅನ್ನಿಸಿಕೊಂಡು ಬರಬೇಡಿ. ಮೊದಲು ಆ ಕರಾರು ಹಿಡಿದು ಯಾದಗಿರಿಯ ಸಿವಿಲ್ ವಕೀಲರೊಬ್ಬರ ಹತ್ತಿರ ಹೋಗಿ, ಮಧ್ಯೆ ಕೂತಿದ್ದ ದಲ್ಲಾಳಿಯನ್ನು ಮಾತ್ರ ಜೊತೆಗೆ ಕರೆದೊಯ್ಯಬೇಡಿ.