ಯಾವ ಕ್ಯಾನ್ಸರ್ ರೋಗಿ ಚಿಕಿತ್ಸೆ ಅರ್ಧಕ್ಕೆ ಬಿಡುತ್ತಾರೆ ಅಂತ ಮೊದಲೇ ಹೇಳೋಕೆ ಆಗುತ್ತಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ನೀವು ಇಂಜಿನಿಯರಿಂಗ್ ಕೊನೆ ವರ್ಷದ ಪ್ರಾಜೆಕ್ಟಿಗೆ ಇದನ್ನು ಮೊದಲೇ ಊಹಿಸುವ ಕಂಪ್ಯೂಟರ್ ಮಾಡೆಲ್ ಮಾಡುತ್ತಾ, ವಯಸ್ಸು, ಓದು, ಆದಾಯ, ಕಾಯಿಲೆಯ ಹಂತ ಅಂತ ನಾಲ್ಕು ಕಾಲಂ ಇಟ್ಟುಕೊಂಡು, ಇಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಲದು. ನಾನು ಕಲಬುರಗಿಯಲ್ಲಿ ಕ್ಯಾನ್ಸರ್ ರೋಗಿಗಳ ಕೌನ್ಸೆಲರ್ ಆಗಿ ಒಂಬತ್ತು ವರ್ಷ ಕೆಲಸ ಮಾಡಿದವಳು. ಬರಬೇಕಾದವರು ಬರದಿದ್ದಾಗ ಫೋನ್ ಹಚ್ಚಿ ಯಾಕೆ ಅಂತ ಕೇಳುವುದೇ ನನ್ನ ಅರ್ಧ ದಿನದ ಕೆಲಸವಾಗಿತ್ತು.

ಮೊದಲ ವರ್ಷ ನಾನೂ ಒಂದು ಮಾಡೆಲ್ ನಡೆಸಿದ್ದೆ ಅನ್ನಿ. ಹೊಸ ರೋಗಿ ಮಾತಾಡಿ ಎದ್ದು ಹೋದ ಮೇಲೆ, ಇವರು ನಡುವೆ ಬಿಡುತ್ತಾರೆ ಅನಿಸಿದರೆ ಡೈರಿಯಲ್ಲಿ ಹೆಸರಿನ ಪಕ್ಕ ಒಂದು ಪೆನ್ಸಿಲ್ ಚುಕ್ಕೆ. ವರ್ಷ ಮುಗಿದ ಮೇಲೆ ತೆಗೆದು ನೋಡಿದರೆ ನಾಚಿಕೆಯಾಯಿತು. ಓದು ಬರದವರಿಗೆ, ವಯಸ್ಸಾದವರಿಗೆ, ಹರಕು ಚೀಲ ಹಿಡಿದು ಬಂದವರಿಗೆ ಚುಕ್ಕೆ ಇಟ್ಟಿದ್ದೆ. ಅವರಲ್ಲಿ ಬಹಳ ಮಂದಿ ಕೊನೆ ದಿನದವರೆಗೂ ಬಂದಿದ್ದರು. ಚುಕ್ಕೆ ಇಲ್ಲದ ಒಬ್ಬ ಅಂಗಡಿ ಸಾಹುಕಾರರು ಸ್ವಂತ ಕಾರಿನಲ್ಲಿ ಬರುತ್ತಿದ್ದವರು, ಮೂರನೇ ಕೀಮೋಗೆ ಪತ್ತೆಯೇ ಇಲ್ಲ. ತಲೆಗೂದಲು ಹೋದದ್ದನ್ನು ಬೀಗರ ಕಡೆಯವರು ನೋಡಿದರೆ ಮಗಳ ಮದುವೆ ಮಾತು ಮುರಿಯುತ್ತದೆ ಅಂತ ಭಯ. ಅವರ ಹೆಂಡತಿ ಫೋನಿನಲ್ಲಿ ಪಿಸುದನಿಯಲ್ಲಿ ಹೇಳಿದ್ದು ಇದು. ನಿಮ್ಮ ನಾಲ್ಕು ಕಾಲಂನಲ್ಲಿ ಇದಕ್ಕೆ ಜಾಗ ಎಲ್ಲಿದೆ?

ಇನ್ನೊಂದು ವಿಷಯ. ಬಿಡುವುದಕ್ಕೂ ಒಂದು ವೇಳೆ ಇರುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತೆಗೆದುಕೊಳ್ಳಿ. ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 25 ಸಲ ರೇಡಿಯೇಷನ್, ಜೊತೆಗೆ ವಾರಕ್ಕೊಮ್ಮೆ ಕೀಮೋ ಔಷಧಿ ಸಿಸ್‌ಪ್ಲಾಟಿನ್, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್, ಅಂದರೆ ಬ್ರಾಕಿಥೆರಪಿ. ಎಲ್ಲಾ ಸೇರಿ 8 ವಾರದೊಳಗೆ ಮುಗಿಯಬೇಕು, ಎಳೆದಷ್ಟೂ ಫಲ ಕಮ್ಮಿ. ನಮ್ಮ ಕಡೆ ರೇಡಿಯೇಷನ್‌ಗೆ ‘ಕರೆಂಟ್ ಕೊಡೋದು’ ಅಂತಾರೆ. ಎರಡು-ಮೂರು ವಾರ ಕರೆಂಟ್ ಕೊಟ್ಟರೆ ಎಷ್ಟೋ ಜನರಿಗೆ ರಕ್ತ ಹೋಗುವುದು ನಿಲ್ಲುತ್ತದೆ. ಅಲ್ಲಿಗೆ ಶುರು: “ಈಗ ಆರಾಮ ಆಗ್ಯದ್ರಿ ಅಕ್ಕಾರ, ಮತ್ಯಾಕ ಬರಬೇಕ್ರಿ?” ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆದವರದು ಇದಕ್ಕೆ ಪೂರ್ತಿ ಉಲ್ಟಾ. ಅವರಿಗೆ 6–7 ವಾರದ ರೇಡಿಯೇಷನ್. ಮೂರನೇ ವಾರದ ಹೊತ್ತಿಗೆ ಬಾಯೆಲ್ಲ ಹುಣ್ಣಾಗಿ, ರೊಟ್ಟಿ ಹಾಗಿರಲಿ, ಗಂಜಿ ಕೂಡ ಇಳಿಯುವುದಿಲ್ಲ. “ಬ್ಯಾನಿಗಿಂತ ಔಷಧಾನೇ ಕೊಲ್ಲಾಕತ್ತದ” ಅಂತ ಮನೆ ಹಿಡಿಯುತ್ತಾರೆ. ಒಬ್ಬರು ವಾಸಿಯಾಯಿತು ಅಂತ ಬಿಟ್ಟರು, ಇನ್ನೊಬ್ಬರು ಜಾಸ್ತಿಯಾಯಿತು ಅಂತ ಬಿಟ್ಟರು. ವಾರ ಮಾತ್ರ ಒಂದೇ. ಹಾಗಾಗಿ ಮೊದಲ ದಿನ ಒಂದು ಅಂಕ ಕೊಟ್ಟು ಕೈ ತೊಳೆದುಕೊಳ್ಳಬೇಡಿ, ಪ್ರತಿ ವಾರ ಮತ್ತೆ ಲೆಕ್ಕ ಹಾಕಿ. ಒಂದು ದಿನ ತಪ್ಪಿಸಿದರು ಅಂದರೆ ಅದಕ್ಕಿಂತ ದೊಡ್ಡ ಸುಳಿವು ನನಗೆ ಸಿಕ್ಕಿಲ್ಲ.

ದುಡ್ಡಿನ ಮಾತಿಗೆ ಬರೋಣ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಆದರೂ ಬಿಡುತ್ತಾರೆ. ಯಾಕೆಂದರೆ ಖರ್ಚು ಇರುವುದು ಆಸ್ಪತ್ರೆಯ ಬಿಲ್ಲಿನಾಚೆ. ಸುರಪುರದ ಕಡೆಯ ಹಳ್ಳಿಯಿಂದ ದಿನಾ ಕಲಬುರಗಿಗೆ ಬಂದು ಹೋಗುವುದು ಆಗದ ಮಾತು, ಇಲ್ಲೇ ಉಳಿಯಬೇಕು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರ ಜೂನ್‌ನಿಂದ, ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ. ಜೊತೆಗೆ ಬರುವ ಗಂಡನಿಗೋ ಮಗನಿಗೋ ಟಿಕೆಟ್ ಇದ್ದೇ ಇದೆ, ಮೇಲೆ ಅವನ ಕೂಲಿ ಹೋಯಿತು. ನಾನು ಕೊನೆಕೊನೆಗೆ ಆದಾಯ ಎಷ್ಟು ಅಂತ ಕೇಳುವುದನ್ನೇ ಬಿಟ್ಟೆ. “ನೀವು ಇಲ್ಲಿದ್ದರೆ ಮನೆಯಲ್ಲಿ ಯಾವ ಕೆಲಸ ನಿಲ್ಲುತ್ತೆ?” ಅಂತ ಕೇಳುತ್ತಿದ್ದೆ. ಎಮ್ಮೆ ಹಿಂಡೋರು ಯಾರೂ ಇಲ್ಲ ಅಂದರೆ, ಸೊಸೆ ಬಾಣಂತಿ ಅಂದರೆ, ಅಂಥವರಿಗೆ ಶನಿವಾರವೇ ಫೋನ್ ಮಾಡುತ್ತಿದ್ದೆ. ಸೋಮವಾರ ಮಾಡಿದರೆ ತಡವಾಗುತ್ತಿತ್ತು.

ತಿಂಗಳನ್ನೂ ಒಂದು ಕಾಲಂ ಮಾಡಿ. ಇದು ತೊಗರಿ ನಾಡು. ಮುಂಗಾರಿಗೆ ಬಿತ್ತನೆ, ಡಿಸೆಂಬರ್-ಜನವರಿಗೆ ರಾಶಿ. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಭಜ್ಜಿ-ರೊಟ್ಟಿ ಉಂಡು ಬರುತ್ತೇವೆ ಅಂತ ಹೋದವರು ರಾಶಿ ಮುಗಿಸಿಯೇ ಬರುತ್ತಿದ್ದರು. ಆಳಂದ ತಾಲ್ಲೂಕಿನ ಒಬ್ಬ ಅವ್ವ 14 ಸಲದ ಕರೆಂಟ್ ಮುಗಿಸಿ ಹಾಗೆ ಹೋದವರು, ಬಂದದ್ದು ಮೂರು ವಾರ ಬಿಟ್ಟು, ನನಗೆ ಅಂತ ಸೆರಗಿನಲ್ಲಿ ಎಳೆ ಜೋಳದ ಸೀತನಿ ಕಟ್ಟಿಕೊಂಡು. ಬೈಯಬೇಕೋ ತಿನ್ನಬೇಕೋ ತಿಳಿಯಲಿಲ್ಲ. ಡಾಕ್ಟರು ಲೆಕ್ಕವನ್ನೆಲ್ಲ ಮತ್ತೆ ಹಾಕಬೇಕಾಯಿತು. ಕೆಲವರು ಗುಳೆ ಹೋಗಿಬಿಡುತ್ತಾರೆ, ಮುಂಬೈ ಅಥವಾ ಬೆಂಗಳೂರು. ಸಿಮ್ ಬದಲು, ನಂಬರ್ ಬಂದ್. ಅದಕ್ಕೇ ಮೊದಲ ದಿನವೇ ಎರಡನೇ ನಂಬರ್ ಬರೆದುಕೊಳ್ಳಬೇಕು, ಮನೆಯವರದಲ್ಲ, ಓಣಿಯ ಕಿರಾಣಿ ಅಂಗಡಿಯದು ಅಥವಾ ಆಶಾ ಕಾರ್ಯಕರ್ತೆಯದು.

ರೋಗಿಗೆ ತನ್ನ ಕಾಯಿಲೆಯ ಹೆಸರು ಗೊತ್ತಿದೆಯಾ ಅನ್ನುವುದನ್ನೂ ಸೇರಿಸಿ. “ಅವ್ವಗ ಹೇಳಬ್ಯಾಡ್ರಿ, ಗಂಟು ಅಂತ ಹೇಳೀವಿ” ಅನ್ನುವ ಮಕ್ಕಳು ನಮ್ಮಲ್ಲಿ ಮನೆಗೊಬ್ಬರು. ಬರೀ ಗಂಟಿಗೆ ಇಷ್ಟು ಕಷ್ಟ ಯಾಕೆ ಪಡಬೇಕು ಅಂತ ಆ ಅವ್ವ ಎದ್ದು ಹೊರಟರೆ ತಪ್ಪೇನು?

ಈಗ ನಿಮ್ಮ ಡೇಟಾ. ರಿಜಿಸ್ಟರಿನಲ್ಲಿ ‘ಬಂದಿಲ್ಲ’ ಅಂತ ಇರುವುದನ್ನೆಲ್ಲ ‘ಬಿಟ್ಟರು’ ಅಂತ ಎಣಿಸಿದರೆ ಮಾಡೆಲ್ ಸುಳ್ಳು ಕಲಿಯುತ್ತದೆ. ಅದರಲ್ಲಿ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ, ಹೈದರಾಬಾದಿಗೋ, ಸೊಲ್ಲಾಪುರಕ್ಕೋ ಹೋಗಿ ಮುಂದುವರಿಸಿದವರು ಇರುತ್ತಾರೆ. ಮನೆಯಲ್ಲೇ ತೀರಿಕೊಂಡವರೂ ಇರುತ್ತಾರೆ. ನಾನು ಫೋನ್ ಮಾಡಿ “ಯಾಕೆ ಬಂದಿಲ್ಲ” ಅಂತ ಜೋರು ಮಾಡಿ, ಆ ಕಡೆಯಿಂದ ಅಳು ಕೇಳಿದ್ದಿದೆ. ಮಕ್ಕಳ ಕ್ಯಾನ್ಸರಿನಲ್ಲಿ ಒಂದು ಅಂತರರಾಷ್ಟ್ರೀಯ ಅಳತೆ ಇದೆ: ಚಿಕಿತ್ಸೆ ಶುರುವೇ ಮಾಡದಿದ್ದರೆ, ಅಥವಾ ನಡುವೆ ಸತತ 4 ವಾರ ಅಥವಾ ಅದಕ್ಕಿಂತ ಹೆಚ್ಚು ತಪ್ಪಿದರೆ, ಬಿಟ್ಟಂತೆ. ದೊಡ್ಡವರ ರೇಡಿಯೇಷನ್‌ಗೆ 4 ವಾರ ಕಾಯುವುದು ಬಹಳವಾಯಿತು ಅನ್ನುವುದು ನನ್ನ ಅಭಿಪ್ರಾಯ. ಇನ್ನು ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಸಾಮಾನ್ಯವಾಗಿ ಕನಿಷ್ಠ 5 ವರ್ಷ ನುಂಗುವ ಟಾಮಾಕ್ಸಿಫೆನ್ ಮಾತ್ರೆ ಇದೆಯಲ್ಲ, ಅದನ್ನು ಬಿಟ್ಟವರು ಯಾವ ರಿಜಿಸ್ಟರಿಗೂ ಸಿಗುವುದಿಲ್ಲ. ಅದು ಬೇರೆಯೇ ಪ್ರಾಜೆಕ್ಟ್.

ನನಗೆ ಒಂದು ಹೆದರಿಕೆ ಇದೆ. ರೇಡಿಯೇಷನ್ ಮಷಿನ್ ಒಂದು, ಸರತಿ ಉದ್ದ. ಇವರು ಬಿಡಬಹುದು ಅಂತ ನಿಮ್ಮ ಮಾಡೆಲ್‌ನಲ್ಲಿ ಕೆಂಪು ಬಣ್ಣದಲ್ಲಿ ಹೆಸರು ಬಂದ ಕೂಡಲೇ “ಹೇಗೂ ಬಿಡೋರು, ಇವರಿಗ್ಯಾಕೆ ಸ್ಲಾಟ್” ಅನ್ನುವವರು ಹುಟ್ಟಿಕೊಳ್ಳುತ್ತಾರೆ. ಹಾಗಾಗಿ ಕೆಂಪು ಬಂದರೆ ಆಸ್ಪತ್ರೆ ಏನು ಕೊಡುತ್ತದೆ, ಫೋನಾ, ಬಸ್ ಖರ್ಚಾ, ಉಳಿಯಲು ಜಾಗವಾ, ಅದನ್ನು ಗೈಡ್ ಹತ್ತಿರ ಕೂತು ಮೊದಲು ಬರೆಸಿ. ತಪ್ಪಾಗಿ ಕೆಂಪು ತೋರಿಸಿದರೆ ಒಂದು ಫೋನ್ ಕಾಲ್ ದಂಡ, ಅಷ್ಟೇ. ತೋರಿಸದೆ ಬಿಟ್ಟರೆ ಆಗುವ ನಷ್ಟ ಬೇರೆ. ಎಷ್ಟು ಅಂಕ ದಾಟಿದರೆ ಕೆಂಪು ಅನ್ನುವ ಗೆರೆಯನ್ನು ಅದಕ್ಕೆ ತಕ್ಕಂತೆ ಕೆಳಗೇ ಇಡಿ.

ಆಲ್ಗಾರಿದಂ ಯಾವುದು ಅಂತಲೂ ಕೇಳಿದ್ದೀರಿ. ಮೊದಲು ಲಾಜಿಸ್ಟಿಕ್ ರಿಗ್ರೆಷನ್ ಹಾಕಿ ನೋಡಿ, ಯಾವ ಕಾಲಂನ ತೂಕ ಎಷ್ಟು ಅಂತ ಬಿಡಿಸಿ ತೋರಿಸುವ ಸರಳ ವಿಧಾನ ಅದು. ಈ ಹೆಸರು ಯಾಕೆ ಕೆಂಪಾಯಿತು ಅಂತ ಫೋನ್ ಹಚ್ಚುವವಳಿಗೆ ಗೊತ್ತಾಗಬೇಕು. ಎಮ್ಮೆ ಬಗ್ಗೆ ಕೇಳಬೇಕೋ, ಬಾಯಿ ಹುಣ್ಣಿನ ಬಗ್ಗೆ ಕೇಳಬೇಕೋ ತಿಳಿಯದೆ ಅವಳು ಮಾತು ಹೇಗೆ ಶುರು ಮಾಡಬೇಕು?